ಎರಡು ನಿಮಿಷದ ಡಿಪೋ ಮ್ಯಾನೇಜರ್

ಬಡ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಬಸ್ ಸಂಸ್ಥೆಯಲ್ಲಿ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳ ಕೈಗೆ ಡಿಪೋ ಮ್ಯಾನೇಜರ್ ಹುದ್ದೆಯ ಆದೇಶ ಸೇರಿತು. ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಆಕೆ ಅದನ್ನು ಬೇಡವೆಂದು ಬರೆದುಕೊಟ್ಟಳು. ಹದಿನೆಂಟು ವರ್ಷ ಕಾದ ಹುದ್ದೆ ಎರಡು ನಿಮಿಷದಲ್ಲಿ ಬೇಡವಾಗುವುದು ಹೇಗೆಂದು ತಮಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಮಂಗಳವಾರವೇ ಪಟ್ಟಿಯಲ್ಲಿ ಆಕೆಯ ಕೆಳಗಿದ್ದ ಗಂಡಸಿನ ಹೆಸರನ್ನು ಮೇಲಕ್ಕೆತ್ತಲು ಟಿಪ್ಪಣಿ ಸಿದ್ಧವಾಯಿತು. ಬರುವ ಶುಕ್ರವಾರ ಸಂಜೆ ಐದರೊಳಗೆ ಅದರ ಮೇಲೆ ತಮ್ಮ ಸಹಿ ಬೀಳಲಿದೆ. ಅಷ್ಟರೊಳಗೆ ತಮಗೆ ಒಂದು ವಿಷಯ ತಿಳಿಸಲು ನಾನು ಎರಡು ಸಲ ಬಂದೆ. ಸಾಹೇಬರು ಕಾರ್ಯಾಗಾರದಲ್ಲಿದ್ದಾರೆ ಎಂದು ತಮ್ಮ ಆಪ್ತ ಸಹಾಯಕರು ಹೇಳಿದರು. ಕಾರ್ಯಾಗಾರದ ವಿಷಯ ‘ಮಹಿಳಾ ನಾಯಕತ್ವ’. ಅಂಥ ಘನಕಾರ್ಯಕ್ಕೆ ಅಡ್ಡಿಪಡಿಸಲು ಮನಸ್ಸಾಗದೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಸಿಬ್ಬಂದಿ ಶಾಖೆಯ ಅಧೀಕ್ಷಕಿ. ಮೂರನೇ ಮಹಡಿಯಲ್ಲಿ ಕಬ್ಬಿಣದ ಬೀರುವಿನ ಪಕ್ಕದ ಮೇಜು, ತಲೆಯ ಮೇಲೆ ಸದ್ದು ಹೆಚ್ಚು ಗಾಳಿ ಕಡಿಮೆ ಇರುವ ಫ್ಯಾನು. ಮೂವತ್ತೈದು ವರ್ಷದ ಸೇವೆ, ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ತಾವು ನನ್ನ ಮುಖ ನೋಡಿರಲಾರಿರಿ, ಕೈ ನೋಡಿರುತ್ತೀರಿ. ಸಭೆಯಲ್ಲಿ ತಮಗೆ ಬೇಕಾದ ಪುಟ ತೆಗೆದು ಮುಂದಿಟ್ಟು, ಸಹಿ ಬೀಳಬೇಕಾದ ಜಾಗ ತೋರಿಸಿ, ಹಿಂದೆ ಸರಿಯುವ ಕೈ ನನ್ನದು.

ಬಡ್ತಿ ಸಿಕ್ಕವಳು ನಮ್ಮ ವರ್ಕ್‌ಶಾಪಿನ ಸಹಾಯಕ ಮೇಲ್ವಿಚಾರಕಿ. ಇಡೀ ಡಿಪೋ ಆಕೆಯನ್ನು ಸ್ಪ್ಯಾನರಕ್ಕ ಎಂದು ಕರೆಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಗೇಲಿಗೆ ಇಟ್ಟ ಹೆಸರು. ಬಸ್ ಸ್ಟಾರ್ಟ್ ಆಗುವ ಸದ್ದು ಕೇಳಿಯೇ ರೋಗ ಹೇಳುವುದನ್ನು ಆಕೆ ಕಲಿತ ಮೇಲೆ ಅದೇ ಹೆಸರನ್ನು ಜನ ಗೌರವದಿಂದ ಕರೆಯತೊಡಗಿದರು. ಒಬ್ಬರಾದ ಮೇಲೊಬ್ಬರು ಬಂದ ಮೂವರು ಮ್ಯಾನೇಜರುಗಳು ರಜೆ ಹಾಕಿದಾಗಲೆಲ್ಲ ಡಿಪೋ ನಡೆಸಿದವಳು ಇವಳೇ. ಡ್ಯೂಟಿ ಪಟ್ಟಿ ಹಾಕಿದ್ದಾಳೆ, ಡ್ರೈವರುಗಳ ಜಗಳ ಬಿಡಿಸಿದ್ದಾಳೆ, ಒಮ್ಮೆ ಹನ್ನೆರಡು ಬಸ್ ಒಟ್ಟಿಗೆ ಕೆಟ್ಟು ನಿಂತಾಗ ಒಂದು ಟ್ರಿಪ್ಪೂ ತಪ್ಪದ ಹಾಗೆ ನೋಡಿಕೊಂಡಿದ್ದಾಳೆ. ಆಗ ಯಾರಿಗೂ ಆಕೆ ಹೆಂಗಸು ಎನ್ನುವುದು ನೆನಪಾಗಲಿಲ್ಲ. ಆ ಕುರ್ಚಿ ಅಧಿಕೃತವಾಗಿ ಆಕೆಯದಾಗುವ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಸೋಮವಾರ ನಡೆದದ್ದಿಷ್ಟು. ಆದೇಶ ಹಿಡಿದು ನಮ್ಮ ಜವಾನ ವರ್ಕ್‌ಶಾಪಿಗೆ ಹೋದ. ಸ್ಪ್ಯಾನರಕ್ಕ ಒಂದು ಬಸ್ಸಿನ ಅಡಿಯಲ್ಲಿ ಮಲಗಿ ಗೇರ್‌ಬಾಕ್ಸ್ ನೋಡುತ್ತಿದ್ದಳು. ಹೊರಗೆ ಬಂದು ಓದಿದಳು. ಮೊದಲ ಹಾಳೆಯಲ್ಲಿ ತನ್ನ ಹೆಸರು, ಅದರ ಮುಂದೆ ಡಿಪೋ ಮ್ಯಾನೇಜರ್ ಎಂಬ ಎರಡು ಪದ. ಆ ಎರಡು ಪದವನ್ನು ಆಕೆ ಮೂರು ಸಲ ಗಟ್ಟಿಯಾಗಿ ಓದಿದಳಂತೆ. ಸುತ್ತ ನಿಂತಿದ್ದ ಮೆಕ್ಯಾನಿಕ್‌ಗಳು ಚಪ್ಪಾಳೆ ತಟ್ಟಿದರು. ಜವಾನ ಪೆನ್ನು ಕೊಟ್ಟು, “ಎರಡೂ ಹಾಳೆಗೆ ಸೈನ್ ಹಾಕ್ಬಿಡಿ ಅಕ್ಕಾ, ನಂಗೆ ಇನ್ನೂ ನಾಕ್ ಕಡೆ ಹೋಗೋದಿದೆ” ಎಂದ. ನಮ್ಮ ಸಂಸ್ಥೆಯಲ್ಲಿ ಯಾವ ಕಾಗದ ತಾನೇ ಒಂದೇ ಪ್ರತಿ ಬರುತ್ತದೆ? ಎರಡನೆಯದು ತಲುಪಿದ್ದಕ್ಕೆ ರಸೀದಿ ಎಂದುಕೊಂಡು ಆಕೆ ಸಹಿ ಹಾಕಿದಳು. ಎರಡನೆಯ ಹಾಳೆಯ ತಲೆಬರಹ ‘ಹೇಳಿಕೆ’. ನಾಲ್ಕು ಸಾಲು ವಂದನೆ, ಮೂರು ಸಾಲು ಕೃತಜ್ಞತೆ. ಕೊನೆಯ ಸಾಲಿನ ಬಾಲದಲ್ಲಿ ಮಾತ್ರ, “ಪತಿ, ಮಕ್ಕಳು ಹಾಗೂ ಮನೆಯ ಹಿರಿಯರ ಹಿತದೃಷ್ಟಿಯಿಂದ ಸದರಿ ಹುದ್ದೆಯನ್ನು ಸ್ವೀಕರಿಸಲಾಗದಿರುವುದಕ್ಕೆ ವಿಷಾದಿಸುತ್ತೇನೆ.”

ಓದದೆ ಸಹಿ ಹಾಕಿದ್ದು ಆಕೆಯ ತಪ್ಪಲ್ಲವೇ ಎಂದು ತಾವು ಕೇಳಬಹುದು. ತಪ್ಪೇ. ಆದರೆ ಮದುವೆಯೇ ಆಗದ ಹೆಂಗಸು ಪತಿಯ ಹಿತದೃಷ್ಟಿಯಿಂದ ಹುದ್ದೆ ಬಿಟ್ಟಳೆಂದು ಬರೆದ ಕಾಗದವನ್ನು ತಾವು ಓದಿ ಒಪ್ಪಿದಿರೋ, ಓದದೆ ಒಪ್ಪಿದಿರೋ? ಆಕೆಯಾದರೂ ಬಸ್ಸಿನ ಅಡಿಯಿಂದ ಎದ್ದು ಬಂದಿದ್ದಳು. ತಾವು ಎಲ್ಲಿಂದ ಎದ್ದು ಬಂದಿದ್ದಿರಿ?

ಆ ಎರಡನೆಯ ಹಾಳೆಯನ್ನು ಬರೆದವಳು ನಾನು.

ಇಪ್ಪತ್ತೆರಡು ವರ್ಷದ ಹಿಂದೆ ಬರೆದೆ. ಆಗ ನಾನು ಗುಮಾಸ್ತೆ. ಬಡ್ತಿ ಬಂತೆಂದರೆ ಜೊತೆಗೆ ದೂರದ ಊರಿಗೆ ವರ್ಗ. ಹೋಗಲಾಗದೆ ಸುಮ್ಮನಿದ್ದ ಹೆಂಗಸರಿಗೆ ‘ಆದೇಶ ಉಲ್ಲಂಘನೆ’ ಎಂದು ನೋಟಿಸ್ ಹೋಗುತ್ತಿತ್ತು. ಒಬ್ಬಾಕೆ ನನ್ನ ಮೇಜಿನ ಮುಂದೆ ನಿಂತು ಗಳಗಳ ಅತ್ತಳು. ಆಗಿನ ಅಧೀಕ್ಷಕರು ಒಳ್ಳೆಯವರು. “ಪಾಪ, ಇವ್ರಿಗೊಂದು ಮರ್ಯಾದಸ್ತ ಲೆಟರ್ ಬರ್ಕೊಡಮ್ಮಾ, ನೋಟಿಸ್ ತಪ್ಪಲಿ” ಎಂದರು. ಬರೆದೆ. ನಿರಾಕರಣೆ ಎಂಬ ಪದ ಕಣ್ಣಿಗೆ ಹೊಡೆಯದ ಹಾಗೆ, ಯಾರಿಗೂ ಅವಮಾನವಾಗದ ಹಾಗೆ, ಅಷ್ಟು ನಯವಾಗಿ ಬರೆದೆ. ಅಧೀಕ್ಷಕರು ಎಲ್ಲರೆದುರು ಓದಿ ಹೊಗಳಿದರು. ನನಗೆ ಹಿಗ್ಗೋ ಹಿಗ್ಗು! ಮುಂದೆ ಬೇರೊಬ್ಬ ಅಧಿಕಾರಿ ಬಂದರು. “ಹೆಂಗಸ್ರ ಆರ್ಡರ್ ಹೋಗುವಾಗ ಅದನ್ನೂ ಪಿನ್ ಮಾಡಿ ಕಳ್ಸಿಬಿಡಿ. ಹೇಗೂ ಕೇಳ್ಕೊಂಡು ಬರ್ತಾರೆ, ಎರಡೆರಡು ಸಲ ಓಡಾಟ ಯಾಕೆ?” ಎಂದರು. ಅವರೂ ಉಪಕಾರ ಮಾಡುತ್ತಿದ್ದೇವೆಂದೇ ತಿಳಿದಿದ್ದರು. ಅಂದಿನಿಂದ ಹೆಂಗಸರ ಆದೇಶಕ್ಕೆಲ್ಲ ಆ ಹಾಳೆ ಅಂಟಿಕೊಂಡಿತು. ಇಲ್ಲಿಯವರೆಗೆ ನಲವತ್ತೆರಡು ಹೆಂಗಸರು ಅದಕ್ಕೆ ಸಹಿ ಹಾಕಿದ್ದಾರೆ. ಹಾಕದೆ ವಾಪಸ್ ಕಳಿಸಿದವರು ಮೂವರು. ಅವರನ್ನು ನಾವು ಶಾಖೆಯಲ್ಲಿ ‘ಗಟ್ಟಿಗಿತ್ತಿಯರು’ ಎನ್ನುತ್ತಿದ್ದೆವು. ಹೊಗಳಿ ಹೇಳಿದ್ದಲ್ಲ.

ನಲವತ್ತೆರಡರಲ್ಲಿ ಎರಡನೆಯ ಸಹಿ ನನ್ನದು. ಇನ್ನೊಂದು ಊರಿನ ವಿಭಾಗಕ್ಕೆ ಅಧೀಕ್ಷಕಿಯಾಗಿ ಬಡ್ತಿ ಬಂದಿತ್ತು. ಮಗನಿಗೆ ಮೂರು ವರ್ಷ. ಗಂಡ, “ನಿನಗೆ ಬೇಕು ಅಂದ್ರೆ ಹೋಗು, ಆದ್ರೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು. ಆ ‘ಆದ್ರೆ’ಯ ಮುಂದೇನು ಎಂದು ನಾನು ಕೇಳಲಿಲ್ಲ. ನಾನೇ ಬರೆದ ಹಾಳೆ ಕೈಯಲ್ಲಿತ್ತಲ್ಲ, ಸಹಿ ಹಾಕಿದೆ. ಎರಡು ವರ್ಷದ ಮೇಲೆ ಯಾವುದೋ ಮಾತಿನ ನಡುವೆ ವಿಷಯ ಅತ್ತೆಯ ಕಿವಿಗೆ ಬಿತ್ತು. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. “ಹಿರಿಯರ ಹಿತದೃಷ್ಟಿ ಅಂತ ಬರೆದ್ಯಾ? ಯಾವ ಹಿರಿಯರೇ? ಈ ಮನೇಲಿ ಇರೋದು ನಾನೊಬ್ಳು. ನಾನೇನು ಹಾಸಿಗೆ ಹಿಡಿದಿದ್ನಾ? ನನ್ನನ್ನ ಒಂದ್ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮಗೂನ ನಾನು ನೋಡ್ಕೋತೀನಿ, ನೀನು ಹೋಗಿ ಆಫೀಸರ್ ಆಗು ಅಂತಿದ್ದೆ.” ಅವರು ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಈಗ ಅವರಿಲ್ಲ. ಅವರನ್ನು ಕೇಳಬಹುದಿತ್ತು ಎನ್ನುವುದು ಅಂದು ನನ್ನ ತಲೆಗೇ ಹೊಳೆದಿರಲಿಲ್ಲ. ನಾನು ಅಧೀಕ್ಷಕಿಯಾದದ್ದು ಹನ್ನೆರಡು ವರ್ಷ ತಡವಾಗಿ, ಇದೇ ಕಟ್ಟಡದಲ್ಲಿ ಜಾಗ ಖಾಲಿಯಾದಾಗ.

ಗಂಡಸರು ಬಡ್ತಿ ಬೇಡವೆಂದದ್ದೇ ಇಲ್ಲವೇ? ಒಬ್ಬರಿದ್ದಾರೆ. ಟಿಕೆಟ್ ಶಾಖೆಯ ಗುಮಾಸ್ತರು, ಮನೆ ಕಟ್ಟಿಸುತ್ತಿದ್ದರು, ಊರು ಬಿಡಲು ಇಷ್ಟವಿರಲಿಲ್ಲ. ಅವರಿಗಾಗಿ ಯಾವ ನಮೂನೆಯೂ ನಮ್ಮಲ್ಲಿರಲಿಲ್ಲ. ನನ್ನ ಹಾಳೆಯನ್ನೇ ಕೇಳಿ ಪಡೆದು ‘ಪತಿ’ ಹೊಡೆದು ‘ಪತ್ನಿ’ ಮಾಡಿಕೊಂಡು ಬಂದರು. ನೋಡಿ ಶಾಖೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಗಿನ ಮುಖ್ಯಾಧಿಕಾರಿಗಳು ಆ ಹಾಳೆಯನ್ನು ಮುಟ್ಟಲೇ ಇಲ್ಲ. ಗುಮಾಸ್ತರನ್ನು ಕೋಣೆಗೆ ಕರೆಸಿ, ಕೂರಿಸಿ, ಟೀ ತರಿಸಿ, “ಏನಪ್ಪಾ ಕಷ್ಟ? ಇಂಥ ಅವಕಾಶ ಯಾರಾದ್ರೂ ಬಿಡ್ತಾರೇನಯ್ಯಾ? ಬೇಕಾದ್ರೆ ಆರು ತಿಂಗಳು ಟೈಮ್ ತಗೋ” ಎಂದು ಒಂದು ಗಂಟೆ ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಮನೆ ಮುಗಿಯಿತು, ಅವರು ಹೋದರು, ಇಂದು ದೊಡ್ಡ ಹುದ್ದೆಯಲ್ಲಿದ್ದಾರೆ. ಸಂತೋಷ. ನಲವತ್ತೆರಡು ಹೆಂಗಸರಲ್ಲಿ ಒಬ್ಬಳಿಗಾದರೂ ಆ ಟೀ ಸಿಕ್ಕಿತೇ? ಒಬ್ಬಳನ್ನಾದರೂ ಕೂರಿಸಿ, “ಏನಮ್ಮಾ ಕಷ್ಟ?” ಎಂದು ಕೇಳಿದ್ದುಂಟೇ?

ಕೇಳುವುದು ಹಾಗಿರಲಿ, ಆ ಸಹಿಗಳೆಲ್ಲ ತಮ್ಮ ವಾರ್ಷಿಕ ವರದಿಯಲ್ಲಿ ಬಹಳ ಉಪಯೋಗಕ್ಕೆ ಬಂದವು. “ಮಹಿಳಾ ಸಿಬ್ಬಂದಿಯಲ್ಲಿ ಉನ್ನತ ಹುದ್ದೆಗಳ ಬಗ್ಗೆ ಆಸಕ್ತಿಯ ಕೊರತೆ ಕಂಡುಬಂದಿದೆ” ಎಂಬ ವಾಕ್ಯ ತಮ್ಮದು. ಆ ವಾಕ್ಯಕ್ಕೆ ಆಧಾರವಾಗಿ ಕೊಟ್ಟ ಪಟ್ಟಿ ನನ್ನದು. ಕೊರತೆ ನೀಗಿಸಲು ಕಾರ್ಯಾಗಾರ, ಕಾರ್ಯಾಗಾರಕ್ಕೆ ಬ್ಯಾನರು, ಬ್ಯಾನರಿನಲ್ಲಿ ಕೈಯೆತ್ತಿ ನಗುವ ಯಾವಳೋ ಹುಡುಗಿ. ಆಸಕ್ತಿ ಇಲ್ಲವೆಂದು ನಾವೇ ಅಚ್ಚು ಹಾಕಿ ಹಂಚಿ, ಸಹಿ ಹಾಕಿಸಿಕೊಂಡು, ಆಮೇಲೆ ಅಯ್ಯೋ ಆಸಕ್ತಿಯೇ ಇಲ್ಲವಲ್ಲ ಎಂದು ಕೊರಗುವ ನಮ್ಮಂಥ ನಾಟಕದವರು ಬೇರೆಲ್ಲಾದರೂ ಇದ್ದಾರೆಯೇ?

ಮಂಗಳವಾರ ಮಧ್ಯಾಹ್ನ ಸ್ಪ್ಯಾನರಕ್ಕ ಮೂರನೇ ಮಹಡಿಗೆ ಹತ್ತಿ ಬಂದಳು. ಪಟ್ಟಿಯಲ್ಲಿ ಆಕೆಯ ಕೆಳಗಿದ್ದವರಿಗೆ ಜನ ಅಭಿನಂದನೆ ಹೇಳುವುದನ್ನು ನೋಡಿಯೇ ಆಕೆಗೆ ವಿಷಯ ತಿಳಿದದ್ದು. ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ನಾನು ಹಾಳೆ ತೆಗೆದು ತೋರಿಸಿದೆ. ನಿಂತೇ ಓದಿದಳು, ಕೊನೆಯ ಸಾಲಿಗೆ ಬಂದಾಗ ಮುಖ ಕಪ್ಪಿಟ್ಟಿತು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ.

“ಇದನ್ನ ಬರ್ದೋರು ಯಾರು ಮೇಡಂ?”

“ನಾನೇ ಅಮ್ಮಾ. ತಪ್ಪಾಯ್ತು. ನನ್ನನ್ನ ಕ್ಷಮಿಸಿಬಿಡು.”

“ನಿಮ್ಮನ್ನ ಕ್ಷಮಿಸಿ ನಾನೇನು ಮಾಡ್ಲಿ ಮೇಡಂ? ನಂಗೆ ಡಿಪೋ ಬೇಕು. ಹದಿನೆಂಟು ವರ್ಷದಿಂದ ಬೇಕು. ಆಸೆ ಇದೆ ಅಂತ ಬಾಯಿಬಿಟ್ಟು ಹೇಳಿದ್ರೆ ಇವಳಿಗೆಷ್ಟು ಕೊಬ್ಬು ಅಂತಾರೇಂತ ಸುಮ್ಮನಿದ್ದೆ. ಈಗ ಹೇಳ್ತಿದೀನಿ, ಬರ್ಕೊಳ್ಳಿ. ನಂಗೆ ಬೇಕು.”

ಆಕೆ ಅಳಲಿಲ್ಲ. ಅತ್ತವಳು ನಾನು. ನನ್ನ ಮೂವತ್ತೈದು ವರ್ಷದಲ್ಲಿ ಒಬ್ಬ ಹೆಂಗಸು ಆ ಮೇಜಿನ ಮುಂದೆ ನಿಂತು “ಬೇಕು” ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಹಿ ಹಿಂಪಡೆಯುತ್ತೇನೆಂದು ಆಕೆ ಬುಧವಾರ ಅರ್ಜಿ ಕೊಟ್ಟಳು. ಸಾಮಾನ್ಯವಾಗಿ ಆರು ವಾರ ಹಿಡಿಯುವ ಉತ್ತರ ತಮ್ಮ ಕಚೇರಿಯಿಂದ ಅದೇ ಸಂಜೆ ಬಂತು. “ಅಧೀಕ್ಷಕರ ದೃಢೀಕರಣದೊಂದಿಗೆ ಸಲ್ಲಿಸಲಾದ ಹೇಳಿಕೆಯನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ.” ಮುಂದಿನ ಐದು ವರ್ಷ ಆಕೆಯ ಹೆಸರು ಪರಿಶೀಲನೆಗೂ ಬರುವಂತಿಲ್ಲ. ಐದು ವರ್ಷಕ್ಕೆ ಆಕೆಗೆ ಐವತ್ತಾರು. ಆಮೇಲೆ, ನಿವೃತ್ತಿಗೆ ಇನ್ನೆಷ್ಟು ದಿನ ಉಳಿದಿದೆ ಬಿಡಿ ಎನ್ನಲು ತಮ್ಮ ಕುರ್ಚಿಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಸರಿ. ನಿಯಮ ನನಗೂ ಗೊತ್ತು. ಆಕೆ ಹಿಂಪಡೆಯುವಂತಿಲ್ಲ, ಏಕೆಂದರೆ ಹಾಳೆಯ ಕೆಳಗೆ ಅಧೀಕ್ಷಕಿಯ ದೃಢೀಕರಣವಿದೆ. “ಸದರಿ ನೌಕರರು ನನ್ನ ಸಮಕ್ಷಮದಲ್ಲಿ, ಓದಿ ತಿಳಿದು, ಸ್ವಇಚ್ಛೆಯಿಂದ ಸಹಿ ಮಾಡಿರುತ್ತಾರೆ.” ಹಾಗೆಂದು ಸೀಲು ಹೊಡೆದು ಸಹಿ ಹಾಕಿದವಳು ನಾನು. ಅದು ಸುಳ್ಳು. ಆಕೆ ಸಹಿ ಹಾಕಿದ್ದು ವರ್ಕ್‌ಶಾಪಿನಲ್ಲಿ. ನಾನು ಆಗ ಮೂರನೇ ಮಹಡಿಯಲ್ಲಿ ಕೂತು ಇನ್ನೊಂದು ಕಡತಕ್ಕೆ ದಾರ ಕಟ್ಟುತ್ತಿದ್ದೆ. ಆಕೆ ಓದಲಿಲ್ಲ, ತಿಳಿಯಲಿಲ್ಲ, ಇಚ್ಛೆಯನ್ನಂತೂ ಯಾರೂ ಕೇಳಲಿಲ್ಲ. ಹಾಳೆಯ ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತಿದೆ, ತರಿಸಿ ನೋಡಿ. ನನ್ನ ಮೇಜಿನ ಮೇಲೆ ಗ್ರೀಸ್ ಇರುವುದಿಲ್ಲ.

ಅಧಿಕೃತ ದಾಖಲೆಯಲ್ಲಿ ಸುಳ್ಳು ದೃಢೀಕರಣ ಕೊಡುವುದು ನಮ್ಮ ಸೇವಾ ನಿಯಮಗಳ ಪ್ರಕಾರ ಗಂಭೀರ ದುರ್ನಡತೆ. ಆ ನಿಯಮದ ಪ್ರತಿಗಳನ್ನು ಶಾಖೆಗಳಿಗೆಲ್ಲ ಹಂಚಿದವಳೂ ನಾನೇ. ಹೀಗಾಗಿ ನನ್ನ ಬೇಡಿಕೆ ಇದು. ಶುಕ್ರವಾರ ಸಂಜೆ ಐದರೊಳಗೆ ನನ್ನ ಮೇಲೆ ಆರೋಪಪಟ್ಟಿ ಹೊರಡಿಸಿ. ನಾನು ತಪ್ಪೊಪ್ಪಿಕೊಂಡಿದ್ದೇನೆ, ವಿಚಾರಣೆಯ ತೊಂದರೆಯೂ ತಮಗಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಇದರಿಂದ ನನ್ನ ಪಿಂಚಣಿಗೆ ಏನಾಗುತ್ತದೆಂದು ತಮಗಿಂತ ಚೆನ್ನಾಗಿ ನನಗೆ ಗೊತ್ತು. ರಾತ್ರಿಯ ನಿದ್ದೆ ಹೋಗಿದೆ, ಹೆದರಿಕೆಯೂ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ದೃಢೀಕರಣ ಸುಳ್ಳೆಂದು ತಾವು ಬರೆದ ಗಳಿಗೆಯಲ್ಲಿ ಆ ಹಾಳೆ ಬರಿ ಕಾಗದ. ಮೊದಲ ಹಾಳೆಯೊಂದೇ ಉಳಿಯುತ್ತದೆ, ಸ್ಪ್ಯಾನರಕ್ಕ ಡಿಪೋ ಮ್ಯಾನೇಜರ್ ಆಗುತ್ತಾಳೆ. ನನ್ನನ್ನು ಕಾಪಾಡಬೇಕೆಂದು ತಮಗೆ ಕನಿಕರ ಬಂದರೆ, ಒಬ್ಬ ಸುಳ್ಳುಗಾರ್ತಿಯ ಮಾತಿನ ಮೇಲೆ ಆಕೆಯ ಕುರ್ಚಿ ಕಿತ್ತುಕೊಂಡಿರೆಂದು ಬರೆದುಕೊಡಬೇಕಾಗುತ್ತದೆ. ಮೂರನೆಯ ದಾರಿಯನ್ನು ನಾನು ಉಳಿಸಿಲ್ಲ. ಕರಡು ಬರೆಯುವುದರಲ್ಲಿ ನನ್ನ ಕೈ ಪಳಗಿದೆ ಎಂದು ಈ ಕಚೇರಿಯೇ ಹೇಳುತ್ತದೆ.

ನನ್ನ ಮೇಲಿನ ಆರೋಪಪಟ್ಟಿಯ ಕರಡನ್ನೂ ತಮ್ಮ ಆಪ್ತ ಸಹಾಯಕರ ಕೈಗೆ ಕೊಟ್ಟು ಬಂದಿದ್ದೇನೆ. ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೇನೆ. ಈ ಸಲವಾದರೂ ಓದಿ ಸಹಿ ಹಾಕಿ.

ಇಂತಿ,
ನಲವತ್ತೆರಡು ಹೆಂಗಸರ ಬಾಯಲ್ಲಿ ‘ಬೇಡ’ ಎನ್ನಿಸಿ, ಅವರಲ್ಲಿ ಎರಡನೆಯವಳೂ ಆಗಿರುವ,
ತಮ್ಮ ಸಿಬ್ಬಂದಿ ಶಾಖೆಯ ಅಧೀಕ್ಷಕಿ
(ಓದಿ, ತಿಳಿದು, ಸ್ವಇಚ್ಛೆಯಿಂದ)