ಕೆಂಪು ಪಟ್ಟಿಯ ಗೊನೆ

ಅಪ್ಪ,

ಮದುವೆಯ ಖುಷಿಯಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇವತ್ತು ನನ್ನವರಿಗೆ ನಿನ್ನ ತೆಂಗಿನ ಸಂಶೋಧನಾ ತೋಟ ತೋರಿಸಲು ಹೋದೆ. ಕಾವಲಿನ ಮಾಯಣ್ಣ, "ಮದ್ವೆ ಹೆಣ್ಣು ಬಂದವ್ಳೆ, ಕುಡಿ ಕಣವ್ವ" ಎಂದು ಎಳನೀರು ಕೆತ್ತಿಕೊಟ್ಟ.

ಕುಡಿದ ಮೇಲೆ, ಅವನು ಕಾಯಿ ಕಿತ್ತ ಮರ ನೋಡಿದೆ. ನೀನು ಸಾಯುವ ಮುಂಚೆ, ನಾನು ಏಣಿ ಹಿಡಿದಿದ್ದಾಗ, ಬೇರೆ ಮರದ ಪರಾಗ ಹಾಕಿ, ಹೊಸ ತಳಿಯ ಬೀಜಕ್ಕೆಂದು ಕೆಂಪು ಪಟ್ಟಿ ಕಟ್ಟಿದ್ದ ಗೊನೆ ಅದು.

"ಪಟ್ಟಿ ಯಾಕೆ ಅಂತ ಹೇಳೋರ್ ಯಾರವ್ವ? ಸಾಹೇಬ್ರ ಜಾಗಕ್ಕೆ ಯಾರೂ ಬಂದಿಲ್ಲ. ಕಲಿಯಾಕ್ ಬಂದ ಹುಡುಗ್ರನ್ನೂ ವಾಪಸ್ ಕಳ್ಸವ್ರೆ," ಎಂದ ಮಾಯಣ್ಣ.

ಇಲಾಖೆಯಲ್ಲಿ ಹೊಸ ಗೇಟಿಗೆ ದುಡ್ಡಿದೆ, ತಳಿ ಮಾಡುವವರ ಸಂಬಳಕ್ಕಿಲ್ಲ. ಮೈ ಉರಿಯುತ್ತಿದೆ. ನಿನ್ನ ಮೇಲೂ. ನಾನೂ ಕಲಿಯುತ್ತೇನೆ ಎಂದಾಗ, "ಈ ಬಿಸಿಲಿನ ಕೆಲಸ ನಿಂಗೆ ಬ್ಯಾಡ ಕಣೇ" ಎಂದೆಯಲ್ಲ.

ಯಾವ ಮರದ ಪರಾಗ ಎಂದು ನನ್ನವರು ಕೇಳಿದರು. ಅದನ್ನು ನೀನು ನನಗೆ ಹೇಳಿರಲೇ ಇಲ್ಲ; ಖಾಲಿ ಬುರುಡೆ ಹಿಡಿದುಕೊಂಡು ಮನೆಗೆ ಬಂದೆ.