ಗುಡಿಸಿದ ಗುಡ್ಡ

ಏಳುಕಣಿವೆ
೨೨೩೧ನೆಯ ಇಸವಿ, ಎಲೆ ಉದುರುವ ತಿಂಗಳ ಇಪ್ಪತ್ತನೆಯ ದಿನ, ಮಧ್ಯಾಹ್ನ

ನನಗಿಂತ ಇನ್ನೂರು ವರ್ಷ ಮೊದಲು ಬದುಕಿದವರೇ,

ಈ ತಾರೀಖು ನಿಮಗೆ ತಮಾಷೆಯಾಗಿ ಕಾಣಬಹುದು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಅಡುಗೆಮನೆಯಲ್ಲಿ ಕಲಿತದ್ದು. ಹಾಗಾಗಿ ದೊಡ್ಡ ವಿಷಯಗಳಿಗೂ ನನ್ನಲ್ಲಿರುವುದು ಸಣ್ಣ ಪದಗಳೇ.

ಹತ್ತು ವರ್ಷದವಳಿದ್ದಾಗ ನಿಮಗೊಂದು ಪತ್ರ ಬರೆದಿದ್ದೆ. ನಮ್ಮ ಶಾಲೆಯಲ್ಲಿ ಮಕ್ಕಳೆಲ್ಲ ವರ್ಷಕ್ಕೊಮ್ಮೆ ನಿಮ್ಮ ಕಾಲದವರಿಗೆ ಕೋಪದ ಪತ್ರ ಬರೆಯುವ ರೂಢಿ ಇದೆ. ನೀವು ರಂಜಕವೆಂದು ಕರೆದದ್ದು ನಿಮಗೆ ಗೊಬ್ಬರದ ಚೀಲದಲ್ಲಿ ಬರುತ್ತಿತ್ತು, ಅದರ ಕಲ್ಲನ್ನು ನೀವು ಅಗೆದಗೆದು ಹೊಳೆಗೆ ಹರಿಯಬಿಟ್ಟಿರಿ, ನಮಗೆ ಉಳಿಸಲಿಲ್ಲ ಎಂದು ನಾನು ದಪ್ಪ ಅಕ್ಷರದಲ್ಲಿ ಬೈದಿದ್ದೆ. ಮೇಷ್ಟ್ರು ಅದನ್ನು ಗೋಡೆಗೆ ಅಂಟಿಸಿದ್ದರು. ಈಗ ನನಗೆ ನಲವತ್ತಾರು. ಆ ಪತ್ರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನೀವು ತಪ್ಪು ಮಾಡಿಲ್ಲವೆಂದಲ್ಲ. ಬೈಯುವ ಯೋಗ್ಯತೆ ನನಗಿಲ್ಲ.

ರಂಜಕಕ್ಕೆ ನಾವು ಹೇಳುವುದು ತಿರುಗುಪ್ಪು ಎಂದು. ಮಳೆಕಾಡಿನಲ್ಲಿ ಅದು ಎಲೆಯಿಂದ ನೆಲಕ್ಕೆ, ಬೇರಿನಿಂದ ಮತ್ತೆ ಎಲೆಗೆ ತಿರುಗುತ್ತಲೇ ಇರುತ್ತದೆ. ಹೊರಗಿನಿಂದ ಬರುವುದು ತೀರಾ ಕಡಿಮೆ. ಕಾಡು ನೋಡಲು ಎಷ್ಟು ಸಮೃದ್ಧವೋ ಅದರ ಕೆಳಗಿನ ಕೆಂಪು ಮಣ್ಣು ಅಷ್ಟೇ ಬಡವಾದದ್ದು. ನಮ್ಮ ಊರಿನ ಗುಡ್ಡ ಒಂದು ಕಾಲದಲ್ಲಿ ಗಣಿಯಾಗಿ ಬೋಳಾಗಿತ್ತು. ನಲವತ್ತು ವರ್ಷದ ಹಿಂದೆ ನನ್ನ ಅಮ್ಮ ಶಾಂಭವಿ ಮತ್ತು ಅವಳ ಓರಗೆಯವರು ಅಲ್ಲಿ ಧೂಪ, ಸುರಹೊನ್ನೆ, ರಾಮಪತ್ರೆ ನೆಟ್ಟರು. ಮರಗಳು ಆಳೆತ್ತರ ದಾಟಿ ಇನ್ನಷ್ಟು ಬೆಳೆದು ನಿಂತುಬಿಟ್ಟವು. ಹೂ ಬಿಡಲಿಲ್ಲ. ಕಾಯಿ ಕಾಣದೆಯೇ ಅಮ್ಮ ಹೋದಳು.

ನಮ್ಮಲ್ಲಿ ತೀರಿಕೊಂಡವರ ಮೂಳೆಯನ್ನು ಹೊಳೆಗೆ ಬಿಡುವುದಿಲ್ಲ. ಸುಟ್ಟ ಮೇಲೆ ಆರಿಸಿ, ತೊಳೆದು, ಒರಳಿನಲ್ಲಿ ಹಿಟ್ಟು ಮಾಡಿ, ಹೆಸರು ಬರೆದ ಗಡಿಗೆಯಲ್ಲಿ ತುಂಬಿ ಅಸ್ಥಿಮನೆಯಲ್ಲಿ ಇಡುತ್ತೇವೆ. ಮೂಳೆಯೆಂದರೆ ತಿರುಗುಪ್ಪೇ. ಅದನ್ನು ಎಂದಾದರೊಮ್ಮೆ ಕಾಡಿಗೆ ಕೊಡಬೇಕು. ಆ ಕೊಡುವಿಕೆಗೆ ಮರಳಿಕೆ ಎನ್ನುತ್ತೇವೆ. ಯಾವಾಗ, ಹೇಗೆ ಕೊಡಬೇಕೆಂದು ನಿರ್ಧರಿಸಲು ಊರು ಒಬ್ಬರನ್ನು ಆರಿಸುತ್ತದೆ. ಅಮ್ಮ ತೀರಿಕೊಂಡ ವರ್ಷ ಆರಿಸಿದ್ದು ನನ್ನನ್ನು. ಓದಿದವಳು, ದುಡುಕುವವಳಲ್ಲ ಎಂದರು.

ನಲವತ್ತಮೂರು ಮನೆಗಳ, ಮೂವತ್ತು ವರ್ಷಗಳ ಗಡಿಗೆಗಳನ್ನು ಒಟ್ಟಿಗೆ ಗುಡ್ಡಕ್ಕೆ ಕೊಡೋಣವೆಂದೆ. ಎಲ್ಲರೂ ಒಪ್ಪಿದರು. ಅಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು. ಹಿರಿಯರನ್ನು ಉದುರಿದ ಎಲೆಕಸದ ಮೇಲೆ ಸುರಿಯುವುದು ಹೇಗೆ ಎಂದು ನನಗೆ ಅನ್ನಿಸಿತು. ಮೊದಲು ಗುಡ್ಡವನ್ನು ಗುಡಿಸೋಣ, ನೀರು ಚಿಮುಕಿಸೋಣ, ಹಬ್ಬದ ಅಂಗಳದಂತೆ ಮಾಡಿ ಆಮೇಲೆ ಮೂಳೆಹಿಟ್ಟಿನಲ್ಲೇ ರಂಗೋಲಿ ಹಾಕೋಣ ಎಂದೆ. ಹೆಂಗಸರ ಕಣ್ಣು ತುಂಬಿತು.

ಬೇಡವೆಂದವಳು ಹೊನ್ನಜ್ಜಿ ಒಬ್ಬಳೇ. ಅಮ್ಮನ ಜೊತೆ ಆ ಗುಡ್ಡದಲ್ಲಿ ಗುಂಡಿ ತೋಡಿದವಳು ಅವಳು. "ಎಂಥಾ ಕಸ ತಂಗಿ? ಊಟಕ್ಕೆ ಕೂತವರ ಮುಂದಿಂದ ಬಾಳೆಲೆ ಎತ್ತಿ, ಅನ್ನ ನೆಲಕ್ಕೆ ಬಡಿಸ್ತಾರ?" ಎಂದಳು. ಪಕ್ಕದ ಮನೆಯ ದಿವಾಕರ, "ಅಜ್ಜಿಗೆ ಸೊಂಟ ಬಗ್ಗೂದಿಲ್ಲ. ಅದ್ಕೇ ಪೊರಕೆ ಬೇಡ ಅಂತದೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಡೆದದ್ದರಲ್ಲಿ ನನಗೆ ಹೆಚ್ಚು ನೆನಪಾಗುವುದು ಆ ನಗುವೇ.

ಎರಡು ದಿನ ಗುಡಿಸಿದೆವು. ಎಲೆಹಾಸನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಕೆಳಗಿನ ತರಕಾರಿ ಮಡಿಗಳಿಗೆ ಹಾಕಿದೆವು. ಎಲೆಯ ಜೊತೆ ಹತ್ತಿಯಂಥ ಬಿಳಿ ಎಳೆಗಳು, ಕೂದಲಿನಂಥ ಬೇರುಗಳು ಕಿತ್ತು ಬಂದವು. ಅವೂ ಕಸವೆಂದೇ ತಿಳಿದೆ. ಕೆಂಪು ನೆಲದ ಮೇಲೆ ಬಿಳಿ ರಂಗೋಲಿ ಎಷ್ಟು ಚೆನ್ನಾಗಿತ್ತೆಂದರೆ ಯಾರಿಗೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅಮ್ಮನ ಗಡಿಗೆಯಿಂದ ಧೂಪದ ಮರದ ಬುಡದಲ್ಲಿ ನಾನು ಎಂಟು ದಳದ ಹೂ ಬರೆದೆ. ಅದೇ ವಾರ ಮಳೆ ಬಂತು.

ಮೂರು ವರ್ಷವಾಯಿತು. ಒಂದು ಮರವೂ ಹೂ ಬಿಟ್ಟಿಲ್ಲ. ಎಲೆಗಳು ಇನ್ನಷ್ಟು ಸಣ್ಣಗಾಗಿವೆ. ಕಳೆದ ತಿಂಗಳು ಒಬ್ಬಳೇ ಹೋಗಿ ಮಣ್ಣು ಅಗೆದು ತಂದು ಪರೀಕ್ಷಿಸಿದೆ. ಮಳೆಯ ನೀರು ಮತ್ತು ಮಣ್ಣಿನ ಹುಳಿಯಲ್ಲಿ ಮೂಳೆ ಕರಗಿದೆ. ಕರಗಿದ್ದನ್ನು ಕೆಂಪು ಮಣ್ಣಿನ ಕಬ್ಬಿಣ ಹಿಡಿದುಕೊಂಡಿದೆ. ಬೇರು ಕೇಳಿದರೆ ಅದು ಬಿಡುವುದಿಲ್ಲ, ಬಿಟ್ಟರೂ ಯಾವ ಕಾಲಕ್ಕೋ. ಮಣ್ಣಿಗೆ ಇಳಿಯುವ ಮೊದಲೇ ಅದನ್ನು ಹಿಡಿದು ಮರಕ್ಕೆ ಮುಟ್ಟಿಸಬೇಕಾದದ್ದು ಎಲೆಹಾಸಿನೊಳಗಿನ ಆ ಬಿಳಿ ಎಳೆಗಳು ಮತ್ತು ಬೇರುಗಳು. ಇದೆಲ್ಲ ನಾನು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಪೊರಕೆ ಹಿಡಿದ ದಿನ ಮಾತ್ರ ಅದು ನೆನಪಾಗಲಿಲ್ಲ. ಅಥವಾ ನೆನಪಾಗಿಯೂ, ಎಲ್ಲರೂ ಮೆಚ್ಚುತ್ತಿದ್ದ ಹೊತ್ತಿನಲ್ಲಿ ನನಗೆ ಬೇಡವಾಯಿತೆ?

ಹೊನ್ನಜ್ಜಿಗೆ ಹೇಳಿದೆ. ಅವಳು, "ನಂಗೆ ಹೇಳಿ ಎಂಥಾ ಮಾಡ್ತೆ? ನಂಗೆ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳು" ಎಂದಳು.

ಹೇಳಿಲ್ಲ. ಅಷ್ಟರಲ್ಲಿ ಮರಳಿಕೆ ನಡೆದ ದಿನ ಮತ್ತೆ ಬಂತು, ನಾಳೆಯೇ ಅದು. ಪ್ರತಿ ವರ್ಷ ಆ ದಿನ ಎಲ್ಲ ಮನೆಯವರೂ ಗುಡ್ಡ ಹತ್ತಿ, ತಮ್ಮವರ ರಂಗೋಲಿ ಇದ್ದ ಜಾಗವನ್ನು ಪ್ರೀತಿಯಿಂದ ಮತ್ತೆ ಗುಡಿಸುತ್ತಾರೆ. ಅದೂ ನನ್ನಿಂದಲೇ ಶುರುವಾದ ಪದ್ಧತಿ. ಈ ವರ್ಷ ಹಾವಿನ ಕಾಟವಿದೆ, ಗುಡಿಸುವುದು ಬೇಡ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಮುಂದಿನ ವರ್ಷಕ್ಕೆ ಇನ್ನೊಂದು ನೆಪ ಸಿಗುತ್ತದೆ. ಗುಡ್ಡವೂ ಉಳಿಯಬಹುದು, ನನ್ನ ಮರ್ಯಾದೆಯೂ ಉಳಿಯಬಹುದು. ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಮ್ಮನ ಹೂ ಇದ್ದ ಜಾಗದಲ್ಲಿ ಉದುರಿದ ಎಲೆಗಳನ್ನು ಬೆರಳಿನಿಂದ ಸರಿಸಿ ನೋಡಿದೆ. ದಾರದಷ್ಟು ತೆಳ್ಳಗಿನ ಒಂದು ಬೇರು ಮಣ್ಣಿನಿಂದ ಮೇಲಕ್ಕೆ ಬಂದು, ಒದ್ದೆ ಎಲೆಯ ನರವನ್ನು ಹಿಡಿದುಕೊಂಡಿತ್ತು. ಎಲೆಯನ್ನು ಹಾಗೆಯೇ ಮುಚ್ಚಿ ಬಂದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಕಾಡಿನ ನೆಲವನ್ನು ಚೊಕ್ಕಟ ಮಾಡಬೇಕೆಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಹೊರಟರೆ, ಅವರನ್ನು ತಡೆಯುವ ಮುದುಕಿಯ ಮಾತಿಗೆ ನಗಬೇಡಿ.

ಹಿತ್ತಿಲಲ್ಲಿ ನನ್ನ ಮಗಳು ಇಳಾ, ನಾಳೆ ತನ್ನ ಅಜ್ಜಿಯ ಜಾಗ ಗುಡಿಸಲೆಂದು ಹೊಸ ಪೊರಕೆ ಕಟ್ಟುತ್ತಿದ್ದಾಳೆ. ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುವ ಸದ್ದು ಕೇಳುತ್ತಿದೆ. ಊರಿಗೆ ನಾಳೆ ಹೇಳುತ್ತೇನೆ, ಅವಳಿಗೆ ಈಗಲೇ. ಮೊದಲ ವಾಕ್ಯ ನಿಮಗೆ ಬರೆಯುತ್ತ ಸಿಕ್ಕಿತು: ಗುಡಿಸಲು ಹೇಳಿದವಳು ನಾನು.

ವಾರಿಜಾ