ಮಗುಚಿದ ಫಿಲಂ

ಮನೆಯ ಹಿಂದಿನ ಮೆಟ್ಟಿಲ ಮೇಲಿಂದ,
ಭಾನುವಾರ, ಮಾರ್ಚ್ ೯, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತಂಗಿಗೆ,

ಹೇಗಿದ್ದೀಯೆ? ಕೆಮ್ಮು ಬಿಟ್ಟಿತೋ, ಇಲ್ಲಾ ಅದೂ ನಿನ್ನ ಜೊತೆ ಟ್ರೈನಿಂಗಿಗೆ ಸೇರಿಕೊಂಡಿತೋ? ಹೊತ್ತಿಗೆ ಸರಿಯಾಗಿ ಕೂತು ಉಣ್ಣುತ್ತಿದ್ದೀಯಾ? ಮೊನ್ನೆ ವಿಡಿಯೋ ಕಾಲಿನಲ್ಲಿ ನಿನ್ನನ್ನು ನೋಡಿದ ಮೇಲೆ ಅಮ್ಮ ಒಂದೇ ಮಾತು ಹಿಡಿದುಕೊಂಡು ಕೂತಿದ್ದಾಳೆ: "ಮಕ್ಕಳ ಎದೆಗೂಡು ನೋಡ್ತಾ ನೋಡ್ತಾ ಇವಳ ಎದೆಗೂಡೇ ಕಾಣೋ ಹಾಗಾಗಿದೆ." ಅಮ್ಮನ ಮಂಡಿ ನೋವು ಹಾಗೇ ಇದೆ, ಮಾತ್ರೆ ಹೊತ್ತುಹೊತ್ತಿಗೆ ನುಂಗುತ್ತಾಳೆ, ನನಗೆ ಬೈಯುವುದನ್ನಂತೂ ಹೊತ್ತಿಗೆ ಮುಂಚೆಯೇ ಮುಗಿಸುತ್ತಾಳೆ. ನನಗೇನೂ ಆಗಿಲ್ಲ. ತೂಕ ಏರಿದೆ, ಕೂದಲು ಜಾರಿದೆ. ಫೋನಿದ್ದೂ ಕಾಗದ ಯಾಕೆ ಅಂತ ಕೇಳುತ್ತೀಯೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಅಮ್ಮನ ಮಾತ್ರೆಯ ವಿಷಯಕ್ಕೆ ಹಾರುತ್ತೀಯೆ, ಅದಕ್ಕೆ. ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತೇನೆ. ನಡುವೆ ಬಾಯಿ ಹಾಕಲು ನಿನಗೆ ದಾರಿ ಇರಬಾರದು.

ನೀನು ಹೋಗಿ ಮೂರು ತಿಂಗಳಾಯಿತು. ನಮ್ಮಂಥ ಬಡ ಆಸ್ಪತ್ರೆಯ ಡಾಕ್ಟರಿಗೆ ಅಷ್ಟು ದೊಡ್ಡ ಮಕ್ಕಳಾಸ್ಪತ್ರೆ ಒಂಬತ್ತು ತಿಂಗಳು ಮಕ್ಕಳ ಎಕ್ಸ್‌ರೇ, ಸ್ಕ್ಯಾನಿಂಗ್ ಓದುವ ಪಾಠ ಹೇಳುತ್ತದೆ, ಖರ್ಚೆಲ್ಲ ಯಾವುದೋ ಸಂಸ್ಥೆ ನೋಡಿಕೊಳ್ಳುತ್ತದೆ ಅನ್ನುವುದನ್ನು ಇಲ್ಲಿನ ಜನ ಇನ್ನೂ ನಂಬಿಲ್ಲ. ಆಸ್ಪತ್ರೆಯ ಹಜಾರದಲ್ಲಿ ನಿನ್ನ ಫೋಟೋ ತೂಗುಹಾಕಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಎಕ್ಸ್‌ರೇ ತೆಗೆಯುತ್ತಿರುವ ನಾನು ಈಗ ಎಲ್ಲರಿಗೂ "ಡಾಕ್ಟರಮ್ಮನ ಅಣ್ಣ". ಇರಲಿ. ನನ್ನ ಪ್ರಾಸ ನಿನಗೆ ತ್ರಾಸ, ಆದರೆ ಮಕ್ಕಳಿಗೆ ಅದೇ ಬೇಕು. "ಮೂಗಲ್ಲಿ ಗಾಳಿ ಎಳ್ಕೋ, ಬಾಯಿಗೆ ಬೀಗ ಹಾಕ್ಕೋ, ಗೊಂಬೆ ಥರ ನಿಂತ್ಕೋ!" ಅಂದರೆ ಎಂಥ ಪುಂಡನೂ ಎರಡು ಸೆಕೆಂಡು ಅಲ್ಲಾಡುವುದಿಲ್ಲ. ನನಗೆ ಆ ಎರಡು ಸೆಕೆಂಡು ಸಾಕು.

ಇಷ್ಟು ಬರೆದು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ಇಲ್ಲಿಂದ ಮುಂದೆ ಪ್ರಾಸ ಇಲ್ಲ.

ಆ ನಾಲ್ಕು ವರ್ಷದ ಹುಡುಗಿ ಬಂದದ್ದು ಹೋದ ತಿಂಗಳ ಮೂರನೇ ಮಂಗಳವಾರ, ಮಧ್ಯಾಹ್ನ. ಜ್ವರ, ಏದುಸಿರು. ಹಳದಿ ಫ್ರಾಕು, ಒಂದೇ ಕಾಲಿಗೆ ಚಪ್ಪಲಿ. ನಾನು ಎದೆಯ ಎಕ್ಸ್‌ರೇ ತೆಗೆದೆ. ಬಲ ಎಡ ಗುರುತಿಸಲು ಹಲಗೆಗೆ ಅಂಟಿಸುವ ಸೀಸದ ಅಕ್ಷರ ಕಳೆದುಹೋಗಿ ಎಷ್ಟು ದಿನವಾಗಿತ್ತು ನಿನಗೆ ಗೊತ್ತು. ಹೊರಡುವ ಹಿಂದಿನ ದಿನವೂ "ಅಣ್ಣಾ, ಮೊದಲು ಅದನ್ನ ತರಿಸು, ಮಿಕ್ಕಿದ್ದೆಲ್ಲ ಆಮೇಲೆ" ಅಂದಿದ್ದೆ. ನಾನು ನಕ್ಕು, ಇಷ್ಟು ವರ್ಷದ ಕೈಗೆ ಅಕ್ಷರ ಯಾಕೆ ಅಂದಿದ್ದೆ. ತೊಳೆದ ಫಿಲಂ ಒಣಗಿದ ಮೇಲೆ ಮೂಲೆಯಲ್ಲಿ ಪೆನ್ನಿನಿಂದ "ಬಲ" ಅಂತ ಬರೆಯುವುದೇ ನನ್ನ ಪದ್ಧತಿಯಾಗಿತ್ತು. ಫಿಲಂ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ವಸ್ತು. ಆವತ್ತು ಕ್ಲಿಪ್ಪಿನಿಂದ ತೆಗೆಯುವಾಗ ಅದು ಮಗುಚಿಕೊಂಡಿತ್ತು. ಹೊರಗೆ ಹದಿನಾಲ್ಕು ಜನ ಸಾಲಿನಲ್ಲಿದ್ದರು. ಮಗುಚಿದ ಫಿಲಂ ಮೇಲೇ "ಬಲ" ಅಂತ ಬರೆದು, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಫೋಟೋ ಹೊಡೆದು, ಅಲ್ಲಿಂದಲೇ ನಮ್ಮ ಎಕ್ಸ್‌ರೇ ಓದಿ ಹೇಳುವ ನಿನಗೆ ಕಳಿಸಿದೆ. ಚೊಕ್ಕವಾಗಿ ಕಾಣಲಿ ಅಂತ ಕೆಳಗಿನ ಅಂಚು ಕತ್ತರಿಸಿದೆ. ಹೊಟ್ಟೆಯ ಗಾಳಿಯ ಗುಳ್ಳೆ ಆ ಅಂಚಿನಲ್ಲೇ ಇತ್ತು. ಅದೊಂದು ಕಂಡಿದ್ದರೆ ಎಡ ಯಾವುದು ಅಂತ ನೀನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇನ್ನು ಹೃದಯ ನೋಡಿಯಾದರೂ ಗೊತ್ತಾಗಬೇಕಿತ್ತು. ಆದರೆ ಎಡ ಶ್ವಾಸಕೋಶದ ಸುತ್ತ ತುಂಬಿದ ನೀರು ಅದನ್ನು ಬಲಕ್ಕೆ ತಳ್ಳಿತ್ತು. ಮಗುಚಿದಾಗ ಎಲ್ಲ ತನ್ನ ಜಾಗದಲ್ಲೇ ಇದ್ದ ಹಾಗೆ ಕಂಡಿತು. ನೀನು "ಬಲಗಡೆ ನೀರು, ಬೇಗ ತೆಗೆಯಬೇಕು" ಅಂತ ಬರೆದೆ. ನಾನು ಕೊಟ್ಟದ್ದನ್ನು ನೀನು ಸರಿಯಾಗಿಯೇ ಓದಿದ್ದೆ.

ಡ್ಯೂಟಿ ಡಾಕ್ಟರು ಬಲಗಡೆ ಸೂಜಿ ಹಾಕಿದರು. ನೀರು ಬರಲಿಲ್ಲ. ಮಗು ಕಿರುಚಿದ್ದು ಎರಡು ಬಾಗಿಲು ದಾಟಿ ನನ್ನ ಕೋಣೆಗೆ ಕೇಳಿಸಿತು. ಇನ್ನೊಮ್ಮೆ ಹಾಕಲು ಹೊರಟಾಗ ನಮ್ಮ ಹಿರಿಯ ನರ್ಸಮ್ಮ ಮಗುವಿನ ಬೆನ್ನನ್ನು ಬೆರಳಿನಿಂದ ಬಡಿದು ನೋಡಿ, "ಸರ್, ಈ ಕಡೆ ಡೋಲಿನ ಹಾಗಿದೆ, ಆ ಕಡೆ ಹಿಟ್ಟಿನ ಮೂಟೆ ಹಾಗಿದೆ. ನೀವೇ ಬಡಿದು ನೋಡಿ" ಅಂದರಂತೆ. ಆಮೇಲೆ ಎಡಗಡೆಯಿಂದ ನೀರು ತೆಗೆದರು. ಆದರೆ ಒಳ್ಳೆಯ ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿತ್ತು. ಹನ್ನೊಂದು ದಿನ ಆ ಹುಡುಗಿ ಪಕ್ಕೆಯಲ್ಲಿ ನಳಿಕೆ ಇಟ್ಟುಕೊಂಡು ಮಲಗಿದಳು.

ಇಷ್ಟರ ತನಕ ಇದು ತಪ್ಪು ತಂಗೀ, ತಪ್ಪು ಯಾರಿಗಾದರೂ ಆಗುತ್ತದೆ. ಆಮೇಲಿನದು ತಪ್ಪಲ್ಲ. ಆ ಕಿರುಚಾಟದ ಗಲಾಟೆಯಲ್ಲೇ ನಾನು ಫಿಲಂ ತೆಗೆದು ನೋಡಿದೆ. ಹೊಟ್ಟೆಯ ಗುಳ್ಳೆ "ಬಲ" ಅಂತ ಬರೆದ ಕಡೆಯೇ ಇತ್ತು. ಗೊತ್ತಾಯಿತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ "ಬಲ" ಒರೆಸಿ, ಫಿಲಂ ತಿರುಗಿಸಿ, ಸರಿಯಾದ ಮೂಲೆಯಲ್ಲಿ ಮತ್ತೆ ಬರೆದೆ. ಫೋನಿನ ಫೋಟೋ ಅಳಿಸಿದೆ. ಹೋದ ವರ್ಷ ಬೇರೊಬ್ಬರ ಹೆಸರಿನ ಫಿಲಂ ಕೊಟ್ಟು ಎಚ್ಚರಿಕೆ ಪತ್ರ ತಿಂದಿದ್ದೆನಲ್ಲ, "ಇನ್ನೊಂದು ಆದರೆ ಮನೆಗೆ" ಅಂದಿದ್ದರಲ್ಲ, ತಲೆಯಲ್ಲಿ ಅದೊಂದೇ ಇತ್ತು.

ಮಾರನೇ ದಿನ ಮುಖ್ಯ ವೈದ್ಯರು ಫಿಲಂ ನೋಡಿದರು. ಗುರುತು ಸರಿಯಿದೆ, ನೀರು ಎಡಗಡೆ ಇದೆ, ನೀನು ಬರೆದದ್ದು ಬಲ. ನಿನಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ನಾನು ಬೀರುವಿನ ಪಕ್ಕ ನಿಂತಿದ್ದೆ. "ಒಂದು ನಿಮಿಷ ಸರ್, ಫೋಟೋ ತೆಗೀತೀನಿ" ಅಂದೆ ನೀನು. ನಿನ್ನ ಫೋನಿನಲ್ಲಿ ಆ ಫೋಟೋ ಇದೆ, ನನ್ನ ಕೈಬರಹದ "ಬಲ" ತಪ್ಪು ಮೂಲೆಯಲ್ಲಿ ಕೂತಿದೆ, ಅದನ್ನು ನೀನು ಈಗ ನೋಡುತ್ತಿದ್ದೀಯೆ ಅಂತ ನನಗೆ ಗೊತ್ತಾಯಿತು. ಆದರೂ ನೀನು "ನಾನೇ ತಪ್ಪು ಓದಿದೆ ಸರ್" ಅಂದೆ. ಆಗ ನನಗೆ ಏನನ್ನಿಸಿತು ಅಂತಲೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದ ಅರ್ಧ ಸುಳ್ಳಾಗುತ್ತದೆ. ಹಗುರವೆನಿಸಿತು. ಅದರ ಹಿಂದೆಯೇ, ಒಂದು ಕ್ಷಣ, ಸಣ್ಣ ಖುಷಿ. ಹಜಾರದ ಗೋಡೆಯ ಮೇಲಿರುವವರೂ ಎಡವುತ್ತಾರೆ ಅನ್ನುವ ಖುಷಿ. ಶಾಲೆಗೆ ನಿನ್ನ ಚೀಲ ಹೊತ್ತವನು ನಾನು, ಡಾಕ್ಟರ್ ಓದಿಗೆ ಸೀಟು ಸಿಕ್ಕ ದಿನ ಬೀದಿಯೆಲ್ಲ ಸಾರಿಕೊಂಡು ಬಂದವನು ನಾನು. ಆ ಖುಷಿ ಎಲ್ಲಿತ್ತೋ, ಯಾವಾಗಿನಿಂದ ಇತ್ತೋ ತಿಳಿಯದು. ಸಾಯಂಕಾಲ ನೀನು ಮತ್ತೆ ಫೋನ್ ಮಾಡಿದೆ. ಬೈಯುತ್ತೀಯೆ ಅಂದುಕೊಂಡರೆ, "ಅಮ್ಮ ಮಾತ್ರೆ ತಗೊಂಡಳಾ?" ಅಂದೆ ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಈಗ ಸಂಸ್ಥೆಯವರು ನಿನ್ನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರಂತೆ. ಬುಧವಾರ ಸಹಿಯಂತೆ. ಸಹಿ ಬಿದ್ದರೆ ಉಳಿದ ಆರು ತಿಂಗಳ ಪಾಠ ರದ್ದಂತೆ. ಇದನ್ನೂ ನೀನು ಹೇಳಲಿಲ್ಲ, ಮುಖ್ಯ ವೈದ್ಯರ ಬಾಯಿಂದ ಕೇಳಿದೆ. ಎಳೆಗೂಸುಗಳ ತಲೆಯ ಸ್ಕ್ಯಾನಿಂಗ್ ಕಲಿಯಲು ಆ ಆರು ತಿಂಗಳಿಗಾಗಿಯೇ ಕಾಯುತ್ತಿದ್ದೆ ಅಲ್ಲವಾ? ಇಲ್ಲಿ ಅದನ್ನು ಬಲ್ಲವರು ಒಬ್ಬರೂ ಇಲ್ಲ. ನನ್ನನ್ನು ಉಳಿಸಲು ಹೋಗಿ ನೀನು ಇನ್ನೂ ಹುಟ್ಟದ ಎಷ್ಟು ಮಕ್ಕಳಿಂದ ಕಿತ್ತುಕೊಳ್ಳುತ್ತಿದ್ದೀಯೆ, ಲೆಕ್ಕ ಹಾಕಿದೆಯಾ? ನಾನು ಹಾಕಲು ಹೋದೆ, ಆಗಲಿಲ್ಲ.

ಶುಕ್ರವಾರ ಆ ಹುಡುಗಿ ಮನೆಗೆ ಹೋದಳು. ಹೋಗುವಾಗ ಅವಳ ತಾಯಿ ಎಕ್ಸ್‌ರೇ ಕೋಣೆಯವರೆಗೂ ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದು, "ನೀವೆಲ್ಲ ಸೇರಿ ನನ್ನ ಮಗಳನ್ನ ಉಳಿಸಿಕೊಟ್ರಿ ಅಣ್ಣಾ" ಅಂದಳು. ಎರಡು ಸಲ ಚುಚ್ಚುವುದು ಚಿಕಿತ್ಸೆಯ ಕ್ರಮ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ನಾನು ಕೈ ಬಿಡಿಸಿಕೊಂಡೆ. ಹುಡುಗಿ ನನ್ನ ಕಡೆ ನೋಡಲಿಲ್ಲ, ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೂಡಲೇ ಕೊಟ್ಟುಬಿಡುತ್ತೀಯೆ, ಅದೇ ನಿನ್ನ ಕೆಟ್ಟ ಚಾಳಿ. ಚೆನ್ನಾಗಿ ಉಣ್ಣು, ಚೆನ್ನಾಗಿ ಓದು, ಕೆಮ್ಮಿಗೆ ಬಿಸಿನೀರು ಕುಡಿ. ದೊಡ್ಡವನೆಂಬ ಸಲಿಗೆಯಿಂದ ಹರಸುತ್ತಿದ್ದೇನೆ. ನನ್ನ ಹರಕೆಗೆ ಇನ್ನೂ ಬೆಲೆ ಇದ್ದರೆ ಅದು ನಿನ್ನ ತಲೆ ಕಾಯಲಿ.

ಇಂತಿ ನಿನ್ನ
ಅಣ್ಣ

ತಾ.ಕ.: ಬುಧವಾರ ಸಹಿ ಹಾಕಬೇಡ. ನಿನ್ನೆ ಮಧ್ಯಾಹ್ನ ಎಲ್ಲವನ್ನೂ ಮುಖ್ಯ ವೈದ್ಯರಿಗೆ ಬರೆದುಕೊಟ್ಟೆ. ಅದರ ಪ್ರತಿ ನಿನ್ನ ಮೇಷ್ಟ್ರಿಗೂ ಸಂಸ್ಥೆಗೂ ನನ್ನೆದುರೇ ಹೋಯಿತು. ಮುಖ್ಯ ವೈದ್ಯರು ಓದಿ ಮುಗಿಸಿ, "ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಪ್ರಾಸ ಇಲ್ಲದೆ ಮಾತಾಡಿದ್ರಿ" ಅಂದರು. ನಾಳೆಯಿಂದ ಬರಬೇಡಿ ಅಂತಲೂ ಅಂದರು. ಫೋಟೋ ಕೇಳುತ್ತಾರೆ, ಕೊಡು. ನನಗಾಗಿ ಅದನ್ನು ಅಳಿಸಿದೆಯೋ, ಜನ್ಮದಲ್ಲಿ ನಿನ್ನ ಜೊತೆ ಮಾತಾಡುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ಹುಡುಗಿಯ ತಾಯಿಗೂ ಯಾರೂ ಹೇಳಿಲ್ಲ, ಹೇಳುವುದು ಬೇಡ ಅಂತಲೇ ಆಫೀಸಿನವರ ಮಾತು. ಅವರ ಮನೆ ಎಲ್ಲಿ ಅಂತ ನರ್ಸಮ್ಮನನ್ನು ಕೇಳಿ ತಿಳಿದುಕೊಂಡಿದ್ದೇನೆ. ಚಪ್ಪಲಿ ಮೆಟ್ಟಿಕೊಂಡೇ ಇಷ್ಟು ಬರೆದೆ. ಹೊರಟೆ.